ಗೆದ್ದವರು ಒಬ್ಬರು, ಗೆರೆ ಎಳೆದವರು ಸಾವಿರ: ವಿನ್ಯಾಸ ಸ್ಪರ್ಧೆಯಿಂದ ಯುವ ಆರ್ಕಿಟೆಕ್ಟ್‌ಗಳಿಗೆ ಸಿಗುವುದೇನು?

2025ರ ನವೆಂಬರ್ 1ರಂದು ಈಜಿಪ್ಟ್‌ನ ಗೀಜಾದಲ್ಲಿ, ಪಿರಮಿಡ್‌ಗಳ ಸಮೀಪದಲ್ಲೇ, ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಅಧಿಕೃತವಾಗಿ ಬಾಗಿಲು ತೆರೆಯಿತು. ಟುಟಾಂಖಾಮನ್ ಸಮಾಧಿಯ ನಿಧಿ, ರಾಮ್ಸೆಸ್‌ನ ಬೃಹತ್ ಪ್ರತಿಮೆ ಎಲ್ಲದರ ಬಗ್ಗೆಯೂ ಬೇಕಾದಷ್ಟು ಸುದ್ದಿ ಬಂತು. ಅದರ ಜೊತೆಗೇ ಬಂದ ಒಂದು ಚಿಕ್ಕ ವಿವರ ಮಾತ್ರ ಓದಿದವರನ್ನು ಸ್ವಲ್ಪ ಗೊಂದಲಕ್ಕೆ ಕೆಡವುವಂಥದ್ದು. ಈ ಮ್ಯೂಸಿಯಂನ ವಿನ್ಯಾಸ ಮಾಡಿದ್ದು ಹೆನೆಗನ್ ಪೆಂಗ್ ಎಂಬ ಡಬ್ಲಿನ್‌ನ ಕಚೇರಿ. ಕಚೇರಿ ಶುರುವಾದದ್ದು 1999ರಲ್ಲಿ. 2003ರಲ್ಲಿ, ಅಂದರೆ ಕಚೇರಿಗೆ ನಾಲ್ಕೇ ವರ್ಷ ಆಗಿದ್ದಾಗ, ಮುಕ್ತ ಸ್ಪರ್ಧೆಯೊಂದರಲ್ಲಿ 1,557 ಎಂಟ್ರಿಗಳ ನಡುವೆ ಅದು ಗೆದ್ದಿತ್ತು.

ಈ ಸುದ್ದಿಯನ್ನು ಎರಡು ರೀತಿ ಓದಬಹುದು. ನೋಡಿ, ದೊಡ್ಡ ಹೆಸರಿಲ್ಲದ ಸಣ್ಣ ಕಚೇರಿಯೂ ಜಗತ್ತಿನ ಅತಿ ದೊಡ್ಡ ಮ್ಯೂಸಿಯಂಗಳಲ್ಲಿ ಒಂದನ್ನು ಕಟ್ಟಬಹುದು ಅನ್ನೋದು ಒಂದು. 1,556 ತಂಡಗಳು ಸುಮ್ನೆ ದುಡಿದವು, ಗೆದ್ದ ತಂಡವೂ ಬಾಗಿಲು ತೆರೆಯೋದನ್ನು ನೋಡಲು 22 ವರ್ಷ ಕಾಯಬೇಕಾಯಿತು ಅನ್ನೋದು ಇನ್ನೊಂದು. ಎರಡೂ ನಿಜವೇ. ಹಾಗಾದರೆ ಕಾಲೇಜು ಮುಗಿಸಿ ನಾಲ್ಕೈದು ವರ್ಷವಾದ ಆರ್ಕಿಟೆಕ್ಟ್ ಒಬ್ಬರು ಇಂಥ ಸ್ಪರ್ಧೆಗಾಗಿ ನಿದ್ದೆಗೆಡಬೇಕೋ ಬೇಡವೋ? ಕೆಲಸದ ಹಿರಿಯರನ್ನು ಕೇಳಿದರೆ ಒಬ್ಬರು 'ಮಾಡಿ, ಅದೇ ದಾರಿ' ಅಂತಾರೆ, ಮತ್ತೊಬ್ಬರು 'ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ' ಅಂತಾರೆ. ಇಷ್ಟು ವಿರುದ್ಧವಾದ ಎರಡು ಉತ್ತರ ಬರೋದಕ್ಕೆ ಕಾರಣ ಇದೆ: ಸ್ಪರ್ಧೆ ಎಂಬ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ.

ಸ್ಪರ್ಧೆ ನಡೆಯುವುದು ಹೇಗೆ?

ಕಟ್ಟಡ ಬೇಕಾದವರು, ಅದು ಸರ್ಕಾರವೋ ನಗರಸಭೆಯೋ ಟ್ರಸ್ಟೋ ಇರಬಹುದು, ಮೊದಲು ಒಂದು ಬ್ರೀಫ್ ತಯಾರಿಸುತ್ತಾರೆ. ಜಾಗ ಯಾವುದು, ಎಷ್ಟು ಕೋಣೆ ಬೇಕು, ಎಷ್ಟು ಜನ ಬರುತ್ತಾರೆ, ಖರ್ಚಿನ ಮಿತಿ ಎಷ್ಟು ಎಂಬ ವಿವರ ಅದರಲ್ಲಿರುತ್ತೆ. ಆರ್ಕಿಟೆಕ್ಟ್‌ಗಳು ಗೊತ್ತಾದ ದಿನದೊಳಗೆ ಇಂತಿಷ್ಟು ಶೀಟ್‌ಗಳಲ್ಲಿ ಪ್ಲಾನ್ (ಮೇಲಿಂದ ನೋಡಿದ ನಕ್ಷೆ), ಸೆಕ್ಷನ್ (ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆ), ಎಲಿವೇಶನ್ (ಹೊರಮುಖದ ನಕ್ಷೆ), ಒಂದೆರಡು ಚಿತ್ರ, ಪುಟ್ಟ ಟಿಪ್ಪಣಿ ಕೊಡಬೇಕು. ಜ್ಯೂರಿ, ಅಂದರೆ ತೀರ್ಪುಗಾರರ ತಂಡ, ಕೂತು ಆರಿಸುತ್ತೆ.

ಯಾರು ಬೇಕಾದರೂ ಬರಬಹುದಾದದ್ದು ಮುಕ್ತ ಸ್ಪರ್ಧೆ. ಹಳೆಯ ಕೆಲಸ ನೋಡಿ ಕೆಲವರನ್ನು ಮಾತ್ರ ಕರೆಯುವುದು ಆಹ್ವಾನಿತ ಸ್ಪರ್ಧೆ. ಮೊದಲು ಎಲ್ಲರಿಂದ ಸರಳ ಯೋಚನೆ ಕೇಳಿ, ಐದಾರು ತಂಡ ಉಳಿಸಿಕೊಂಡು, ಅವರಿಂದ ಮಾತ್ರ ಪೂರ್ತಿ ವಿನ್ಯಾಸ ಕೇಳುವುದು ಎರಡು ಹಂತದ ಸ್ಪರ್ಧೆ. ಇದಲ್ಲದೆ ಐಡಿಯಾ ಸ್ಪರ್ಧೆ ಅಂತ ಇನ್ನೊಂದಿದೆ. ಅದರಲ್ಲಿ ಕಟ್ಟುವ ಮಾತೇ ಇರಲ್ಲ. 'ನೀರಿನ ಮೇಲಿನ ಊರು ಹೇಗಿರಬೇಕು' ಎಂಬಂಥ ವಿಷಯ ಕೊಟ್ಟು ಚಿತ್ರ ಕಳಿಸಿ ಅಂತಾರೆ, ಅಷ್ಟೇ.

ಮುಕ್ತ ಸ್ಪರ್ಧೆಯ ಜೀವಾಳ ಇರೋದು ಹೆಸರು ಮುಚ್ಚಿಡುವುದರಲ್ಲಿ. ಶೀಟ್ ಮೇಲೆ ಒಂದು ಸಂಖ್ಯೆ ಬಿಟ್ಟರೆ ಬೇರೇನೂ ಇರುವ ಹಾಗಿಲ್ಲ. ಹೆಸರು ಮುಚ್ಚಿದ ಲಕೋಟೆಯಲ್ಲಿ ಇರುತ್ತೆ, ತೀರ್ಪು ಆದ ಮೇಲೆ ಅದನ್ನು ಒಡೆಯುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಯುನೆಸ್ಕೋ 1956ರಲ್ಲೇ ಒಪ್ಪಿದ ನಿಯಮಾವಳಿ ಇದೆ, 1978ರಲ್ಲಿ ಅದು ಪರಿಷ್ಕರಣೆಯಾಯಿತು. ಹೆಸರು ಗುಟ್ಟಾಗಿರಬೇಕು, ಜ್ಯೂರಿಯಲ್ಲಿ ವೃತ್ತಿಯವರೇ ಜಾಸ್ತಿ ಇರಬೇಕು, ವಿನ್ಯಾಸದ ಹಕ್ಕು ಬರೆದವರದ್ದೇ ಎಂಬುದು ಅದರ ತಿರುಳು. ಆದರೆ ಆ ನಿಯಮಾವಳಿ ಎಲ್ಲ ಸ್ಪರ್ಧೆಗಳಿಗೂ ಕಡ್ಡಾಯ ಅಲ್ಲ. ತೊಂದರೆಗಳೆಲ್ಲ ನುಸುಳೋದು ಈ ಸಂದಿಯಲ್ಲೇ.

1026ನೇ ನಂಬರಿನ ಶೀಟ್

ಹೆಸರು ಮುಚ್ಚಿಟ್ಟರೆ ಏನಾಗುತ್ತೆ ಎಂಬುದಕ್ಕೆ 1981ರ ಒಂದು ಸ್ಪರ್ಧೆಯನ್ನು ಹತ್ತಿರದಿಂದ ನೋಡಬೇಕು. ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಿಗೆ ವಾಷಿಂಗ್ಟನ್‌ನಲ್ಲಿ ಸ್ಮಾರಕ ಕಟ್ಟಬೇಕಿತ್ತು. ಬಂದ ಎಂಟ್ರಿ 1,421. ಅಷ್ಟನ್ನೂ ಹರಡಲು ಸಾಮಾನ್ಯ ಸಭಾಂಗಣ ಸಾಲದೆ, ವಾಯುನೆಲೆಯೊಂದರ ವಿಮಾನ ನಿಲ್ಲಿಸುವ ಶೆಡ್‌ನಲ್ಲಿ ಜೋಡಿಸಿದರು. ಎಂಟು ಜನರ ಜ್ಯೂರಿ ಸಾಲು ಸಾಲಾಗಿ ನಡೆದು ನೋಡಿತು. 1026ನೇ ನಂಬರಿನ ಎಂಟ್ರಿಯಲ್ಲಿ ಅಬ್ಬರ ಏನೂ ಇರಲಿಲ್ಲ. ಪ್ಯಾಸ್ಟೆಲ್‌ನಲ್ಲಿ ಮಸುಕಾಗಿ ಬರೆದ ಚಿತ್ರ. ನೆಲವನ್ನು ಸೀಳಿದ ಹಾಗೆ ಇಳಿಯುವ ಎರಡು ಕಪ್ಪು ಗೋಡೆ. ಗೋಡೆ ಮೇಲೆ ಸತ್ತವರ ಹೆಸರು. ಜೊತೆಗೆ ಒಂದು ಪುಟದಷ್ಟು ಬರಹ.

ಅದನ್ನೇ ಆರಿಸಿ ಹೆಸರು ತೆಗೆದು ನೋಡಿದರೆ ಬರೆದದ್ದು ಮಾಯಾ ಲಿನ್ ಎಂಬ 21 ವರ್ಷದ ಹುಡುಗಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದಳು. ಆಕೆಯ ಬಯೋಡೇಟಾ ಮೊದಲೇ ನೋಡಿದ್ದರೆ ಅಷ್ಟು ದೊಡ್ಡ ರಾಷ್ಟ್ರೀಯ ಸ್ಮಾರಕವನ್ನು ಯಾವ ಸಮಿತಿ ತಾನೇ ಆಕೆಯ ಕೈಗೆ ಕೊಡುತ್ತಿತ್ತು? ಹೆಸರು ಗೊತ್ತಾದ ಮೇಲೆ ಎದ್ದ ಗಲಾಟೆಯೇ ಇದಕ್ಕೆ ಉತ್ತರ. ವಿನ್ಯಾಸ ಇಷ್ಟವಾಗದವರು ಆಕೆಯ ವಯಸ್ಸನ್ನೂ, ಚೀನೀ ಮೂಲವನ್ನೂ ಎತ್ತಿ ಆಡಿದರು. ಕೊನೆಗೆ ರಾಜಿಯಾಗಿ ಮೂವರು ಸೈನಿಕರ ಪ್ರತಿಮೆಯೊಂದನ್ನು 1984ರಲ್ಲಿ ಪಕ್ಕದಲ್ಲಿ ಸೇರಿಸಿದರು. ಆದರೆ 1982ರಲ್ಲಿ ಎದ್ದ ಆ ಗೋಡೆ ಹಾಗೆಯೇ ಉಳಿಯಿತು. ಸ್ಪರ್ಧೆಯ ಪರ ಮಾತಾಡುವವರು ಪದೇ ಪದೇ ಈ ಕಥೆ ಹೇಳೋದು ಇದಕ್ಕೇ. ಹಾಳೆ ಮಾತಾಡಿತು, ವಯಸ್ಸು ಮಾತಾಡಲಿಲ್ಲ.

ಹುಚ್ಚು ಬಿಡದೆ ಮದುವೆಯಾಗಲ್ಲ

ಈ ಬಾಗಿಲು ಯುವಕರಿಗೆ ಯಾಕೆ ಅಷ್ಟು ಮುಖ್ಯ ಅನ್ನೋದು ಅರ್ಥವಾಗಬೇಕಾದರೆ, ಉಳಿದ ಬಾಗಿಲುಗಳಲ್ಲಿ ಏನು ಕೇಳ್ತಾರೆ ಅಂತ ನೋಡಬೇಕು. ಸಾರ್ವಜನಿಕ ಕಟ್ಟಡದ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆ ಬರುತ್ತೆ. ಇಂಥದ್ದೇ ಕಟ್ಟಡ ಈ ಹಿಂದೆ ಎಷ್ಟು ಕಟ್ಟಿದ್ದೀರಿ? ವರ್ಷದ ವಹಿವಾಟು ಎಷ್ಟು? ಕಚೇರಿಯಲ್ಲಿ ಎಷ್ಟು ಜನ? ಶಾಲೆ ಕಟ್ಟದವರಿಗೆ ಶಾಲೆಯ ಕೆಲಸ ಸಿಗಲ್ಲ. ಶಾಲೆಯ ಕೆಲಸ ಸಿಗದೆ ಶಾಲೆ ಕಟ್ಟಿದ ಅನುಭವ ಬರಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಥೇಟ್ ಅದೇ.

ಕೇಳುವವರದ್ದೂ ಪೂರ್ತಿ ತಪ್ಪಲ್ಲ. ಸಾರ್ವಜನಿಕರ ದುಡ್ಡು ಖರ್ಚು ಮಾಡುವ ಅಧಿಕಾರಿಗೆ ಭಯ ಇದ್ದೇ ಇರುತ್ತೆ. ಸೋರುವ ಮಾಡು ಕಟ್ಟಿದ್ದು ಹೊಸಬರಾದರೆ 'ಯಾಕೆ ಕೊಟ್ಟಿರಿ' ಅಂತ ಕೇಳ್ತಾರೆ. ಹೆಸರುವಾಸಿ ಕಚೇರಿ ಕಟ್ಟಿದ ಮಾಡು ಸೋರಿದರೆ ಅದು ದುರದೃಷ್ಟ ಆಗುತ್ತೆ. ಹಾಗಾಗಿ ಅನುಭವ ಕೇಳುವುದು ಅಧಿಕಾರಿಗೆ ರಕ್ಷಣೆ. ಈ ಪ್ರವೃತ್ತಿ ಅತಿಯಾದಾಗ ಕಾನೂನೇ ಮಧ್ಯೆ ಬರಬೇಕಾಗುತ್ತೆ. ಯುರೋಪಿಯನ್ ಯೂನಿಯನ್ 2014ರ ತನ್ನ ಖರೀದಿ ನಿರ್ದೇಶನದಲ್ಲಿ, ಗುತ್ತಿಗೆಯ ಅಂದಾಜು ಮೊತ್ತದ ಎರಡು ಪಟ್ಟಿಗಿಂತ ಜಾಸ್ತಿ ವಹಿವಾಟನ್ನು ಸಾಮಾನ್ಯವಾಗಿ ಕೇಳುವ ಹಾಗಿಲ್ಲ ಅಂತ ಬರೆಯಬೇಕಾಯಿತು.

ಮುಕ್ತ ಸ್ಪರ್ಧೆ ಈ ಮೂರು ಪ್ರಶ್ನೆಯನ್ನೂ ಬದಿಗಿಡುತ್ತೆ. 1971ರಲ್ಲಿ ಪ್ಯಾರಿಸ್‌ನ ಪೊಂಪಿಡು ಸೆಂಟರ್ ಎಂಬ ಕಲಾಕೇಂದ್ರದ ಸ್ಪರ್ಧೆಗೆ 681 ಎಂಟ್ರಿ ಬಂದಿದ್ದವು. ಗೆದ್ದ ರೆಂಜೊ ಪಿಯಾನೊಗೆ 33 ವರ್ಷ, ರಿಚರ್ಡ್ ರೋಜರ್ಸ್‌ಗೆ 37. ಇಬ್ಬರೂ ಅಷ್ಟು ದೊಡ್ಡದೇನನ್ನೂ ಕಟ್ಟಿರಲಿಲ್ಲ. ತಮಾಷೆ ಅಂದರೆ ರೋಜರ್ಸ್‌ಗೆ ಈ ಸ್ಪರ್ಧೆಗೆ ಇಳಿಯುವ ಮನಸ್ಸೇ ಇರಲಿಲ್ಲ, ಜೊತೆಯವರು ಒಪ್ಪಿಸಿದ್ದು. 1995ರಲ್ಲಿ ಜಪಾನ್‌ನ ಯೊಕೊಹಾಮಾ ಹಡಗು ನಿಲ್ದಾಣದ ಸ್ಪರ್ಧೆಗೆ 660 ಎಂಟ್ರಿ. ಗೆದ್ದವರು ಲಂಡನ್‌ನಲ್ಲಿದ್ದ ಫರ್ಷೀದ್ ಮೂಸಾವಿ ಮತ್ತು ಅಲೆಹಾಂದ್ರೊ ಜೇರಾ ಪೋಲೊ, ಇಬ್ಬರಿಗೂ ಮೂವತ್ತರ ಆಸುಪಾಸು. ನಾರ್ವೆಯ ಸ್ನೋಹೆಟ್ಟಾ ಎಂಬ ಕಚೇರಿ ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಆ ಹೆಸರು ಬೆಳೆದದ್ದು 1989ರಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಸ್ಪರ್ಧೆ ಗೆದ್ದದ್ದರಿಂದಲೇ. ಟೆಂಡರ್ ಕರೆದಿದ್ದರೆ ಇವರಲ್ಲಿ ಬಹುಶಃ ಯಾರೂ ಮೊದಲ ಸುತ್ತೇ ದಾಟುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ

ಈಗ ಇನ್ನೊಂದು ಪಕ್ಷದ ಮಾತು ಕೇಳೋಣ. ಅವರು ಹೇಳೋದು ಹೀಗೆ: ಗೆದ್ದವರ ಹೆಸರು ಹೇಳಿ ಸ್ಪರ್ಧೆಯನ್ನು ಹೊಗಳುವುದು, ಲಾಟರಿ ಹೊಡೆದವನ ಫೋಟೋ ತೋರಿಸಿ ಟಿಕೆಟ್ ಮಾರಿದ ಹಾಗೆ.

2014ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ಗುಗನ್‌ಹೈಮ್ ಮ್ಯೂಸಿಯಂಗೆ ಮುಕ್ತ ಸ್ಪರ್ಧೆ ನಡೆಯಿತು. ಎಂಟ್ರಿ 1,715. ಬಹುಮಾನ ಗೆದ್ದವರಿಗೆ 1,00,000 ಯೂರೋ, ಕೊನೆಯ ಸುತ್ತಿನ ಉಳಿದ ಐದು ತಂಡಕ್ಕೆ ತಲಾ 55,000 ಯೂರೋ. ಒಟ್ಟು 3,75,000 ಯೂರೋ. ಸ್ಪರ್ಧೆ ನಡೆಸಿದವರಿಗೆ ಇಷ್ಟು ದುಡ್ಡಿಗೆ ಸಿಕ್ಕಿದ್ದೇನು ಅಂತ ನೋಡಬೇಕು. ಒಂದು ಎಂಟ್ರಿಗೆ ಒಟ್ಟು 300 ಗಂಟೆ ಕೆಲಸ ಅಂತ ಸುಮ್ನೆ ಒಂದು ಅಂದಾಜು ಇಟ್ಟುಕೊಳ್ಳೋಣ. ಮೂರು ಜನ, ತಲಾ ನೂರು ಗಂಟೆ. ಜಾಗದ ಓದು, ಹತ್ತು ಸಲ ಬದಲಾಯಿಸಿದ ಪ್ಲಾನ್, ಮಾಡೆಲ್, ರೆಂಡರ್ (ಕಟ್ಟಿದ ಮೇಲೆ ಹೇಗೆ ಕಾಣುತ್ತೆ ಅಂತ ಕಂಪ್ಯೂಟರಿನಲ್ಲಿ ಮಾಡುವ ಚಿತ್ರ), ಶೀಟ್ ಜೋಡಣೆ, ಕೊನೆ ರಾತ್ರಿ ಅಪ್‌ಲೋಡ್ ಆಗದೆ ನಿಂತ ಫೈಲ್ ಎಲ್ಲ ಸೇರಿದರೆ ಇದು ದೊಡ್ಡ ಅಂದಾಜೇನೂ ಅಲ್ಲ. ಹಾಗಾದರೆ 1,715 ಎಂಟ್ರಿಗೆ 5,14,500 ಗಂಟೆ. ಒಬ್ಬರು ವರ್ಷಕ್ಕೆ 2,000 ಗಂಟೆ ದುಡಿಯುತ್ತಾರೆ ಅಂದರೆ ಸುಮಾರು 257 ವರ್ಷದ ದುಡಿಮೆ. ಬಹುಮಾನದ ದುಡ್ಡನ್ನು ಅಷ್ಟು ಗಂಟೆಗೆ ಹಂಚಿದರೆ ಗಂಟೆಗೆ ಬರೋದು 73 ಸೆಂಟ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇಷ್ಟೂ ಗಂಟೆಗಳ ಖರ್ಚು ಯಾರ ತಲೆ ಮೇಲೆ? ಸ್ಪರ್ಧೆ ನಡೆಸಿದವರ ಮೇಲಂತೂ ಅಲ್ಲ. ದೊಡ್ಡ ಕಚೇರಿಯಾದರೆ ಬೇರೆ ಕೆಲಸದ ಲಾಭದಿಂದ ತುಂಬಿಕೊಳ್ಳುತ್ತೆ. ಸಣ್ಣ ಕಚೇರಿಯಲ್ಲಿ ಅದು ಮಾಲೀಕರ ಭಾನುವಾರ, ಸಂಬಳವೇ ಇಲ್ಲದ ಅಥವಾ ಅರ್ಧ ಸಂಬಳದ ಇಂಟರ್ನ್‌ನ ರಾತ್ರಿ. ಹಾಗಾಗಿ ಎಲ್ಲರಿಗೂ ತೆರೆದಿದೆ ಅನ್ನುವ ಬಾಗಿಲೊಳಗೆ ನಿಜವಾಗಿ ಹೋಗಬಲ್ಲವರು ಯಾರು? ಮೂರು ತಿಂಗಳು ಗಳಿಕೆ ಇಲ್ಲದಿದ್ದರೂ ಬಾಡಿಗೆ ಕಟ್ಟಬಲ್ಲವರು. ಹೆಸರು ಮುಚ್ಚಿಟ್ಟರೆ ವಯಸ್ಸು, ಊರು, ಕುಲ ಎಲ್ಲ ಮುಚ್ಚಿಹೋಗುತ್ತೆ. ಜೇಬು ಮಾತ್ರ ಮುಚ್ಚಿಹೋಗಲ್ಲ, ಅದು ಶೀಟಿನ ಮೇಲಿರುವ ಒಳ್ಳೆ ರೆಂಡರ್ ರೂಪದಲ್ಲಿ ಕಾಣಿಸಿಕೊಳ್ಳುತ್ತೆ.

ಜ್ಯೂರಿಯ ಸಮಯದ ಲೆಕ್ಕವೂ ಇದೆ. ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಸ್ಮಾರಕದ ಸ್ಪರ್ಧೆಗೆ 5,201 ಎಂಟ್ರಿ ಬಂದವು. ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟರೂ 87 ಗಂಟೆ ಬೇಕು. ದಿನಕ್ಕೆ ಎಂಟು ಗಂಟೆ ಕೂತರೆ ಹತ್ತಿರ ಹತ್ತಿರ ಹನ್ನೊಂದು ದಿನ. ಮೂರು ತಿಂಗಳ ಕೆಲಸಕ್ಕೆ ಒಂದು ನಿಮಿಷದ ನೋಟ. ಇದರ ಪರಿಣಾಮ ವಿನ್ಯಾಸದ ಮೇಲೆ ಆಗದೇ ಇರುತ್ತಾ? ಒಂದು ನಿಮಿಷದಲ್ಲಿ ಕಣ್ಣಿಗೆ ಬೀಳುವ ಚಿತ್ರ ಗೆಲ್ಲುತ್ತೆ. ನಿಧಾನವಾಗಿ ಓದಿದರೆ ಮಾತ್ರ ತಿಳಿಯುವ ಜಾಣ ಪ್ಲಾನ್ ಹಿಂದೆ ಬೀಳುತ್ತೆ. ಸ್ಪರ್ಧಿಗಳೂ ಇದನ್ನು ಬೇಗ ಕಲಿಯುತ್ತಾರೆ, ಶೌಚಾಲಯ ಎಲ್ಲಿ ಬರುತ್ತೆ ಅಂತ ಯೋಚಿಸುವ ಹೊತ್ತನ್ನು ಸಂಜೆಯ ಆಕಾಶದ ಬಣ್ಣಕ್ಕೆ ಕೊಡುತ್ತಾರೆ.

ದೇವರು ವರ ಕೊಟ್ಟರೂ

ಗೆದ್ದರೆ ಕಥೆ ಮುಗಿಯಿತು ಅಂದುಕೊಂಡರೆ ಅದೂ ಇಲ್ಲ. ಹೆಲ್ಸಿಂಕಿಯಲ್ಲಿ 2015ರಲ್ಲಿ ಪ್ಯಾರಿಸ್‌ನ ಸಣ್ಣ ಕಚೇರಿ ಮೊರೊ ಕುಸುನೊಕಿ ಗೆದ್ದಿತು. 2016ರ ಡಿಸೆಂಬರ್‌ನಲ್ಲಿ ನಗರಸಭೆ ಮತಕ್ಕೆ ಹಾಕಿ ಯೋಜನೆಯನ್ನೇ ಕೈಬಿಟ್ಟಿತು. ನಗರದ ದುಡ್ಡನ್ನು ಇದಕ್ಕೆ ಹಾಕಬೇಕಾ ಎಂಬ ಜಗಳ ಸ್ಪರ್ಧೆಗೆ ಮೊದಲೇ ಇತ್ತು, ಬಗೆಹರಿದಿರಲಿಲ್ಲ. ಜ್ಯೂರಿ ವರ ಕೊಟ್ಟಿತು, ಪೂಜಾರಿ ಕೊಡಲಿಲ್ಲ. ವಿನ್ಯಾಸದಲ್ಲಿ ತಪ್ಪಿತ್ತು ಅಂತಲ್ಲ. ಕಟ್ಟುವ ನಿರ್ಧಾರ ಗಟ್ಟಿಯಾಗುವ ಮೊದಲೇ ಸ್ಪರ್ಧೆ ನಡೆದರೆ ಹೀಗಾಗುವ ಸಾಧ್ಯತೆ ಜಾಸ್ತಿ, ಯಾಕಂದರೆ ಆಗ ಸ್ಪರ್ಧೆಯೇ ಒಂಥರಾ ಪ್ರಚಾರದ ಕೆಲಸ ಮಾಡುತ್ತಿರುತ್ತೆ.

ಆರ್ಕಿಟೆಕ್ಟ್ ಝಾಹಾ ಹದೀದ್ ಹಾಂಗ್‌ಕಾಂಗ್‌ನ 'ದಿ ಪೀಕ್' ಎಂಬ ಕ್ಲಬ್ ಕಟ್ಟಡದ ಸ್ಪರ್ಧೆ ಗೆದ್ದದ್ದು 1983ರಲ್ಲಿ. ಅದು ಕಟ್ಟಲಿಲ್ಲ. ಆಕೆಯ ಮೊದಲ ಮುಖ್ಯ ಕಟ್ಟಡ, ಜರ್ಮನಿಯ ವಿಟ್ರಾ ಕಾರ್ಖಾನೆಯ ಅಗ್ನಿಶಾಮಕ ಠಾಣೆ, ಪೂರ್ತಿಯಾದದ್ದು 1993ರಲ್ಲಿ. ಮರುವರ್ಷ ವೇಲ್ಸ್‌ನ ಕಾರ್ಡಿಫ್ ಒಪೆರಾ ಹೌಸ್ ಸ್ಪರ್ಧೆಯನ್ನೂ ಗೆದ್ದರು. ಅದಕ್ಕೂ ದುಡ್ಡು ಮಂಜೂರಾಗಲಿಲ್ಲ. ಹೆಸರು ಬಂತು, ಕಟ್ಟಡ ಬರಲಿಲ್ಲ. ಇಂಥ ಹತ್ತು ವರ್ಷವನ್ನು ತಡೆದುಕೊಳ್ಳುವ ಗಟ್ಟಿತನ, ಜೊತೆಗೆ ಪಾಠ ಹೇಳಿ ಗಳಿಸುವ ದಾರಿ, ಎಲ್ಲರಿಗೂ ಇರಲ್ಲ ಅಲ್ವಾ?

ಕಟ್ಟಲು ಶುರುವಾದರೂ ಯುವ ವಿಜೇತರ ಕೈ ಮೇಲಾಗಿರಲ್ಲ. ಸಿಡ್ನಿ ಒಪೆರಾ ಹೌಸ್ ಇದರ ದೊಡ್ಡ ಉದಾಹರಣೆ. 1957ರಲ್ಲಿ 233 ಎಂಟ್ರಿಗಳ ನಡುವೆ ಡೆನ್ಮಾರ್ಕ್‌ನ 38 ವರ್ಷದ ಯಾನ್ ಊಟ್ಸಾನ್ ಗೆದ್ದಾಗ ಅವರ ಶೀಟ್‌ನಲ್ಲಿದ್ದದ್ದು ಬಹುಪಾಲು ಸ್ಕೆಚ್. ಆ ಹಾಯಿಯಂಥ ಮಾಡನ್ನು ನಿಲ್ಲಿಸುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ಬಗೆಹರಿಯುವ ಮೊದಲೇ ಅಡಿಪಾಯದ ಕೆಲಸ ಶುರು ಮಾಡಿಸಿದರು. ಸರ್ಕಾರ ಬದಲಾಯಿತು, ಖರ್ಚು ಏರಿತು, ಹೊಸ ಸಚಿವರು ಫೀ ತಡೆಹಿಡಿದರು, 1966ರಲ್ಲಿ ಊಟ್ಸಾನ್ ರಾಜೀನಾಮೆ ಕೊಟ್ಟು ಹೊರಟರು. 70 ಲಕ್ಷ ಡಾಲರ್ ಅಂತ ಅಂದಾಜು ಮಾಡಿದ್ದ ಕಟ್ಟಡ 1973ರಲ್ಲಿ ಮುಗಿದಾಗ ಆದ ಖರ್ಚು 10.2 ಕೋಟಿ ಆಸ್ಟ್ರೇಲಿಯನ್ ಡಾಲರ್. ಮುಗಿದ ಕಟ್ಟಡವನ್ನು ಊಟ್ಸಾನ್ ಕೊನೆಯವರೆಗೂ ಹೋಗಿ ನೋಡಲಿಲ್ಲ.

ಇದರಿಂದ ಸ್ಪರ್ಧೆ ನಡೆಸುವವರು ಕಲಿತ ಪಾಠ ಒಂದಿದೆ. ಹೊಸಬರು ಗೆದ್ದರೆ ಅನುಭವಿಗಳನ್ನು ಜೊತೆಗೆ ಕೂರಿಸು. ಮಾಯಾ ಲಿನ್‌ಗೆ ವಾಷಿಂಗ್ಟನ್‌ನ ಕಚೇರಿಯೊಂದು ಜೊತೆಯಾಯಿತು. ವರ್ಲ್ಡ್ ಟ್ರೇಡ್ ಸೆಂಟರ್ ಸ್ಮಾರಕ ಗೆದ್ದ ಮೈಕೆಲ್ ಅರಾದ್ ನ್ಯೂಯಾರ್ಕ್‌ನ ವಸತಿ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ 34 ವರ್ಷದವರು. ಕೊನೆಯ ಹಂತದಲ್ಲಿ ಹಿರಿಯ ಉದ್ಯಾನ ವಿನ್ಯಾಸಕ ಪೀಟರ್ ವಾಕರ್ ಅವರೊಂದಿಗೆ ಸೇರಿದ ಮೇಲೆಯೇ ಗೆಲುವು ಪಕ್ಕಾ ಆದದ್ದು. ಇದು ಒಳ್ಳೆಯದೇ. ಆದರೆ ಜೊತೆಯಾಗುವ ಹಿರಿಯರ ಕೈಗೆ ಎಷ್ಟು ಹೋಗುತ್ತೆ, ಗೆದ್ದವರ ಕೈಯಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ಕರಾರಿನಲ್ಲಿ ಬರೆದಿಲ್ಲ ಅಂದರೆ ಜಗಳ ಗ್ಯಾರಂಟಿ.

ಸೋತವರ ಕೈಯಲ್ಲಿ ಉಳಿಯೋದು

'ಸೋತರೂ ಕಲಿಯಬಹುದು' ಎಂಬ ಮಾತು ಇದ್ದದ್ದೇ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕಂದರೆ ಇದರಲ್ಲಿ ಅರ್ಧ ಸತ್ಯ ಇದೆ.

ಸತ್ಯ ಇರುವ ಅರ್ಧ ಹೀಗೆ. ದೊಡ್ಡ ಕಚೇರಿಯಲ್ಲಿ ಸೇರಿದ ಯುವ ಆರ್ಕಿಟೆಕ್ಟ್ ಮೂರು ವರ್ಷ ಮೆಟ್ಟಿಲಿನ ವಿವರ, ಬಾಗಿಲಿನ ಪಟ್ಟಿ ಬರೆಯುತ್ತಾ ಕಳೆಯಬಹುದು. ಇಡೀ ಕಟ್ಟಡವನ್ನು ಮೊದಲ ಗೆರೆಯಿಂದ ಕೊನೆಯವರೆಗೆ ತಾನೇ ತೀರ್ಮಾನಿಸುವ ಅವಕಾಶ ಸ್ಪರ್ಧೆಯಲ್ಲಿ ಮಾತ್ರ. ಮುಂದೆ ಜೊತೆಗೆ ಕಚೇರಿ ಶುರು ಮಾಡಬಹುದಾ ಅಂತ ಗೆಳೆಯರನ್ನು ಒರೆಗೆ ಹಚ್ಚಲೂ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಗಡುವಿಗೆ ಎರಡು ದಿನ ಇರುವಾಗ ಯಾರು ಕೈ ಎತ್ತುತ್ತಾರೆ ಅಂತ ಗೊತ್ತಾಗಿಬಿಡುತ್ತೆ. ಸೋತ ವಿನ್ಯಾಸವೂ ಕೆಲವೊಮ್ಮೆ ಗೆದ್ದದ್ದಕ್ಕಿಂತ ದೂರ ಹೋಗುತ್ತೆ. 1922ರ ಚಿಕಾಗೊ ಟ್ರಿಬ್ಯೂನ್ ಗೋಪುರದ ಸ್ಪರ್ಧೆಯಲ್ಲಿ ಫಿನ್ಲೆಂಡ್‌ನ ಎಲಿಯೆಲ್ ಸಾರಿನೆನ್‌ಗೆ ಸಿಕ್ಕಿದ್ದು ಎರಡನೇ ಬಹುಮಾನ. ಅದೇ ಅವರನ್ನು ಅಮೆರಿಕಕ್ಕೆ ಕರೆತಂದಿತು, ಮುಂದೆ ಅಲ್ಲಿಯ ಎಷ್ಟೋ ಎತ್ತರದ ಕಟ್ಟಡಗಳ ಮೇಲೆ ಆ ಸೋತ ವಿನ್ಯಾಸದ ನೆರಳು ಬಿತ್ತು. ಅವರ ಮಗ ಏರೊ ಸಾರಿನೆನ್ ಸಿಡ್ನಿಯ ಜ್ಯೂರಿಯಲ್ಲಿ ಕೂತು ಊಟ್ಸಾನ್ ಪರ ವಾದ ಮಾಡಿದವರು.

ಸತ್ಯ ಇಲ್ಲದ ಅರ್ಧ: ಕಲಿಯಬೇಕಾದರೆ ಎಲ್ಲಿ ತಪ್ಪಿತು ಅಂತ ಯಾರಾದರೂ ಹೇಳಬೇಕು. ಬಹುಪಾಲು ಸ್ಪರ್ಧೆಗಳಲ್ಲಿ ಸೋತವರಿಗೆ ಬರುವುದು 'ಭಾಗವಹಿಸಿದ್ದಕ್ಕೆ ಧನ್ಯವಾದ' ಎಂಬ ಒಂದು ಇಮೇಲ್. ಪ್ಲಾನ್ ಸರಿಯಿಲ್ಲವೋ, ಬಜೆಟ್ ಮೀರಿತೋ, ಮೊದಲ ಸುತ್ತಿನಲ್ಲೇ ಹೋಯಿತೋ, ಕೊನೆಯ ಇಪ್ಪತ್ತರಲ್ಲಿ ಇತ್ತೋ, ಏನೂ ಗೊತ್ತಾಗಲ್ಲ. ಅಷ್ಟೇ ಅಲ್ಲ, ಸ್ಪರ್ಧೆಯಲ್ಲಿ ಗ್ರಾಹಕರು ಎದುರಿಗೆ ಇರಲ್ಲ. ಅವರ ಜೊತೆ ಕೂತು ಮಾತಾಡುತ್ತಾ ಬ್ರೀಫ್ ಅನ್ನೇ ಬದಲಾಯಿಸುವುದು ಈ ವೃತ್ತಿಯ ಅರ್ಧ ಕೆಲಸ. ಆ ಅರ್ಧವನ್ನು ಯಾವ ಸ್ಪರ್ಧೆಯೂ ಕಲಿಸಲ್ಲ.

ದುಡ್ಡು ಕೊಟ್ಟು ದುಡಿಯುವುದು

ಇತ್ತೀಚಿನ ವರ್ಷಗಳಲ್ಲಿ ಗೊಂದಲ ಹೆಚ್ಚಿಸಿರುವುದು ಐಡಿಯಾ ಸ್ಪರ್ಧೆಗಳ ಸಂತೆ. ಪ್ರವೇಶ ಶುಲ್ಕ ಕಟ್ಟಬೇಕು. ಬೇಗ ಕಟ್ಟಿದರೆ ಕಡಿಮೆ, ತಡವಾದರೆ ಜಾಸ್ತಿ. ಜಾಗ ಕಾಲ್ಪನಿಕ, ಅಥವಾ ಜಾಗ ನಿಜವಾದರೂ ಅದರ ಮಾಲೀಕರಿಗೆ ವಿಷಯವೇ ಗೊತ್ತಿಲ್ಲ. ಬಹುಮಾನ ಮೂವರಿಗೆ, 'ಗೌರವ ಉಲ್ಲೇಖ' ಮೂವತ್ತು ಜನಕ್ಕೆ. ಉಲ್ಲೇಖ ಸಿಕ್ಕವರೆಲ್ಲ ಅದನ್ನು ಹಂಚಿಕೊಳ್ಳುತ್ತಾರೆ, ಮುಂದಿನ ಸ್ಪರ್ಧೆಗೆ ಪುಕ್ಕಟೆ ಪ್ರಚಾರ.

ಲೆಕ್ಕ ಸುಲಭ. ಶುಲ್ಕದಿಂದ ಬಂದದ್ದು ಬಹುಮಾನಕ್ಕಿಂತ ಜಾಸ್ತಿಯಾದರೆ ನಡೆಸುವವರಿಗೆ ಲಾಭ. ಅಲ್ಲಿಗೆ ಸ್ಪರ್ಧಿಯೇ ಗ್ರಾಹಕ, ಸರಕು ಮಾತ್ರ ಪ್ರಮಾಣಪತ್ರ. ಎಲ್ಲ ಐಡಿಯಾ ಸ್ಪರ್ಧೆಯೂ ಹೀಗೇ ಅಂತಲ್ಲ. ಒಳ್ಳೆ ಪ್ರಶ್ನೆ ಕೇಳಿ, ಒಳ್ಳೆ ಜ್ಯೂರಿ ಕೂರಿಸಿ, ಬಂದದ್ದನ್ನೆಲ್ಲ ಸರಿಯಾಗಿ ಪ್ರಕಟಿಸುವವರೂ ಇದ್ದಾರೆ. ಆದರೆ ಪೊಂಪಿಡು ಕಥೆ ಹೇಳಿ ಇವುಗಳಿಗೆ ಜನ ಸೇರಿಸುವುದು ಮೋಸಕ್ಕೆ ಹತ್ತಿರದ ಕೆಲಸ. ಒಂದರಲ್ಲಿ ಕೊನೆಗೆ ಕಟ್ಟಡದ ಕೆಲಸ ಇದೆ, ಇನ್ನೊಂದರಲ್ಲಿ ಅದು ಇಲ್ಲವೇ ಇಲ್ಲ. ಇದರ ಜೊತೆಗೆ ನಿಯಮದ ಪುಟದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ 'ಕಳಿಸಿದ ಎಲ್ಲ ವಿನ್ಯಾಸದ ಹಕ್ಕೂ ಆಯೋಜಕರದ್ದು' ಅಂತ ಇದ್ದರಂತೂ ಮುಗಿಯಿತು, ಸೋತ ಯೋಚನೆಯನ್ನು ಇನ್ನೊಂದು ಕಡೆ ಬಳಸುವ ದಾರಿಯೂ ಬಂದ್.

ನಿಯಮ ಬದಲಾದರೆ ಫಲವೂ ಬೇರೆ

ಸ್ವಿಟ್ಜರ್ಲೆಂಡ್‌ನಲ್ಲಿ ಶಾಲೆ, ವಸತಿ ಸಮುಚ್ಚಯದಂಥ ಸಾಧಾರಣ ಕಟ್ಟಡಗಳಿಗೂ ಸ್ಪರ್ಧೆ ನಡೆಸುವ ರೂಢಿ ಇದೆ. ಅಲ್ಲಿಯ ಎಂಜಿನಿಯರ್ ಮತ್ತು ಆರ್ಕಿಟೆಕ್ಟ್‌ಗಳ ಸಂಘದ 142ನೇ ನಂಬರಿನ ನಿಯಮಾವಳಿಯೇ ಇದಕ್ಕೆ ಆಧಾರ. ಜ್ಯೂರಿಯಲ್ಲಿ ವೃತ್ತಿಯವರ ಬಹುಮತ ಇರಬೇಕು, ಗೆದ್ದವರಿಗೇ ಕೆಲಸ ಹೋಗಬೇಕು. ಬಂದ ವಿನ್ಯಾಸಗಳ ಪ್ರದರ್ಶನ ಆಗುತ್ತೆ, ಜ್ಯೂರಿ ವರದಿ ಪ್ರಕಟವಾಗುತ್ತೆ. ಸೋತವರು ಹೋಗಿ ಗೆದ್ದವರ ಪ್ಲಾನ್ ಪಕ್ಕ ತಮ್ಮದನ್ನು ಇಟ್ಟು ನೋಡಬಹುದು. ಕಲಿಕೆ ಅನ್ನೋ ಮಾತಿಗೆ ಅಲ್ಲಿ ಅರ್ಥ ಇದೆ. ಸಣ್ಣ ಶಾಲೆಯ ಸ್ಪರ್ಧೆಗೆ ಸಾವಿರದೇಳುನೂರು ಜನ ಬರುವುದೂ ಇಲ್ಲ, ಹಾಗಾಗಿ ಗೆಲ್ಲುವ ಅವಕಾಶವೂ ಒಪ್ಪುವಂಥದ್ದು.

ಫ್ರಾನ್ಸ್‌ನ ದಾರಿ ಬೇರೆ. ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಮೊದಲು ಅರ್ಜಿ ಕರೆದು, ಕೆಲವೇ ತಂಡಗಳನ್ನು ಆರಿಸಿ, ಅವರಿಂದ ಮಾತ್ರ ವಿನ್ಯಾಸ ಕೇಳುತ್ತಾರೆ. ಕೇಳಿದ ಕೆಲಸದ ಅಂದಾಜು ಬೆಲೆಯಲ್ಲಿ ಕನಿಷ್ಠ 80 ಪ್ರತಿಶತವನ್ನು ಸೋತವರಿಗೂ ಕೊಡಬೇಕು. ಪುಕ್ಕಟೆ ದುಡಿಮೆಯ ದೂರು ಇಲ್ಲಿ ಬಹುಮಟ್ಟಿಗೆ ಬಗೆಹರಿಯಿತು. ಆದರೆ ಆ ಕೆಲವರನ್ನು ಆರಿಸೋದು ಯಾವುದರ ಮೇಲೆ? ಹಳೆಯ ಕೆಲಸದ ಪಟ್ಟಿ ನೋಡಿ. ಅಲ್ಲಿಗೆ ಮದುವೆ, ಹುಚ್ಚಿನ ಗಾದೆ ವಾಪಸ್ ಬಂತು. ದುಡ್ಡು ಕೊಟ್ಟರೆ ಬಾಗಿಲು ಕಿರಿದಾಗುತ್ತೆ, ಬಾಗಿಲು ಅಗಲ ಮಾಡಿದರೆ ದುಡ್ಡು ಸಾಲದಾಗುತ್ತೆ. ಈ ಎಳೆದಾಟವನ್ನು ಪೂರ್ತಿ ಬಗೆಹರಿಸಿದ ವ್ಯವಸ್ಥೆ ಎಲ್ಲೂ ಇಲ್ಲ. ಹತ್ತಿರ ಬರೋದು ಎರಡು ಹಂತದ ಸ್ಪರ್ಧೆ: ಮೊದಲ ಹಂತದಲ್ಲಿ ಒಂದೆರಡು ಶೀಟ್ ಮಾತ್ರ, ಹೆಸರಿಲ್ಲದೆ, ಎಲ್ಲರಿಗೂ. ಎರಡನೇ ಹಂತಕ್ಕೆ ಉಳಿದವರಿಗೆ ಸರಿಯಾದ ಸಂಬಳ.

ಯುರೋಪಾನ್ ಇನ್ನೊಂದು ಮಾದರಿ. 1980ರ ದಶಕದ ಕೊನೆಯಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಸ್ಪರ್ಧೆಗೆ ಯುರೋಪಿನ ಬೇರೆ ಬೇರೆ ನಗರಗಳು ತಮ್ಮ ನಿಜವಾದ ಜಾಗ, ನಿಜವಾದ ಸಮಸ್ಯೆ ಕೊಡುತ್ತವೆ. ಸ್ಪರ್ಧಿಗಳು 40 ವರ್ಷದೊಳಗಿನವರಾಗಿರಬೇಕು. ಗೆದ್ದದ್ದೆಲ್ಲ ಕಟ್ಟಡವಾಗಲ್ಲ, ಎಷ್ಟೋ ಯೋಜನೆ ನಗರದ ಕಪಾಟಿನಲ್ಲೇ ಉಳಿದುಬಿಡುತ್ತೆ. ಆದರೂ ಯುವಕರು ಯುವಕರ ಜೊತೆ ಮಾತ್ರ ಪೈಪೋಟಿ ಮಾಡೋದರಿಂದ, ಜಾಗದ ಹಿಂದೆ ಒಂದು ನಗರಸಭೆ ನಿಂತಿರೋದರಿಂದ, ಹೂಡಿದ ಗಂಟೆಗೆ ಬೆಲೆ ಜಾಸ್ತಿ.

ಮುಂದೇನಾಗಬಹುದು?

ಚಿತ್ರ ತಯಾರಿಸುವ ಎಐ ಉಪಕರಣಗಳು ಬಂದ ಮೇಲೆ ರೆಂಡರ್‌ನ ಬೆಲೆ ಕುಸಿದಿದೆ. ಮೂರು ವಾರದ ಕೆಲಸ ಒಂದು ಸಂಜೆಗೆ ಇಳಿದರೆ ಎಂಟ್ರಿಗಳ ಸಂಖ್ಯೆ ಏರುತ್ತೆ, ಜ್ಯೂರಿಯ ಒಂದು ನಿಮಿಷ ಅರ್ಧ ನಿಮಿಷ ಆಗುತ್ತೆ. ಆಗ ನಡೆಸುವವರ ಮುಂದೆ ಇರುವುದು ಎರಡು ದಾರಿ. ಚಿತ್ರ ಬೇಡ, ಪ್ಲಾನ್ ಸೆಕ್ಷನ್ ಮಾತ್ರ ಸಾಕು ಅನ್ನಬಹುದು, ಅದು ಯುವಕರಿಗೆ ಒಳ್ಳೆಯದು. ಇಲ್ಲವೇ ಈ ಜಾತ್ರೆಯೇ ಬೇಡ, ಗೊತ್ತಿರುವ ಐದು ಕಚೇರಿಯನ್ನು ಕರೆಯೋಣ ಅನ್ನಬಹುದು. ಅಧಿಕಾರಿಗೆ ಸುಲಭ ಅನ್ನಿಸೋದು ಎರಡನೆಯದೇ, ಹಾಗಾಗಿ ಗಾಳಿ ಬೀಸುವ ಸಾಧ್ಯತೆ ಜಾಸ್ತಿ ಆ ಕಡೆಗೇ.

ಅಷ್ಟರವರೆಗೆ ಸ್ಪರ್ಧೆಗೆ ಇಳಿಯುವವರು ಬ್ರೀಫ್‌ನ ಮೊದಲ ಪುಟದ ಚಂದದ ಮಾತಿಗಿಂತ ಕೊನೆಯ ಪುಟದ ಕರಾರನ್ನು ಮೊದಲು ಓದೋದು ವಾಸಿ. ಕಟ್ಟುವವರು ಯಾರು, ದುಡ್ಡು ಮಂಜೂರಾಗಿದೆಯಾ, ಗೆದ್ದವರಿಗೇ ಕೆಲಸ ಕೊಡ್ತೀವಿ ಅಂತ ಬರೆದಿದ್ದಾರಾ, ಜ್ಯೂರಿಯ ಹೆಸರು ಮೊದಲೇ ಹೇಳಿದ್ದಾರಾ, ವಿನ್ಯಾಸದ ಹಕ್ಕು ಯಾರದು. ಇವುಗಳಲ್ಲಿ ಎರಡು ಮೂರಕ್ಕೆ ಉತ್ತರ ಸಿಗದಿದ್ದರೆ ಅದು ಅಭ್ಯಾಸಕ್ಕೆ ಮಾತ್ರ. ಅಭ್ಯಾಸಕ್ಕೆ ಮೂರು ತಿಂಗಳು ಬೇಡ, ಮೂರು ವಾರ ಸಾಕು.

ಹೆಲ್ಸಿಂಕಿಯಲ್ಲಿ ಗೆದ್ದೂ ಕಟ್ಟಲಾಗದ ಮೊರೊ ಕುಸುನೊಕಿ ಏನಾದರು ಅಂತ ಹೇಳುವುದು ಬಾಕಿ ಇದೆ. ಕಟ್ಟಡ ಹೋಯಿತು, ಹೆಸರು ಉಳಿಯಿತು. 2019ರಲ್ಲಿ ಸಿಡ್ನಿಯ ಪವರ್‌ಹೌಸ್ ಪರಮಟ್ಟಾ ಮ್ಯೂಸಿಯಂನ ಸ್ಪರ್ಧೆಯನ್ನು ಆಸ್ಟ್ರೇಲಿಯಾದ ಕಚೇರಿಯೊಂದರ ಜೊತೆ ಸೇರಿ ಗೆದ್ದರು. 2024ರಲ್ಲಿ ಪೊಂಪಿಡು ಸೆಂಟರ್‌ನ ನವೀಕರಣದ ಕೆಲಸವೂ ಅವರ ತಂಡಕ್ಕೇ ಸಿಕ್ಕಿತು. 1971ರಲ್ಲಿ 681 ಜನರಿಗೆ ಬಾಗಿಲು ತೆರೆದು ಆರಿಸಿದ ಅದೇ ಕಟ್ಟಡ. ಈ ಸಲ ಮಾತ್ರ ಆಯ್ಕೆ ನಡೆದದ್ದು ಮೊದಲೇ ಸೋಸಿ ಉಳಿಸಿಕೊಂಡ ಕೆಲವು ತಂಡಗಳ ನಡುವೆ. 33 ವರ್ಷದ ಪಿಯಾನೊ ಈಗ ಅರ್ಜಿ ಹಾಕಿದ್ದರೆ ಆ ಪಟ್ಟಿಯಲ್ಲಿ ಅವರ ಹೆಸರು ಇರುತ್ತಿತ್ತಾ ಅನ್ನೋದು ಅನುಮಾನವೇ.